ಸುಂದರಕ್ಕ ತಿರುಗಿ ನೋಡದ ಗೇಟು

ನಮ್ಮ ಸಂಘಕ್ಕೆ ಲೆಟರ್‌ಹೆಡ್ಡಿನಲ್ಲಿ ಒಂದು ಉದ್ದದ ಹೆಸರಿದೆ. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ನಾಯಿ ರಸ್ತೆ ದಾಟಿ ಹೋಗಿರುತ್ತದೆ. ಹಾಗಾಗಿ ತೆಕ್ಕಟ್ಟೆಯ ಹತ್ತಿರ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ, ಪೆಟ್ಟು ತಿಂದ, ಬಿಟ್ಟುಹೋದ ನಾಯಿಗಳನ್ನು ತಂದು ಸಾಕುವ ಆ ಜಾಗಕ್ಕೆ ನಾನು ‘ಬಾಲವಾಡಿ’ ಎಂದು ಹೆಸರಿಟ್ಟೆ. ಅಲ್ಲಿ ದುಡಿಯುವ ನಾವೆಲ್ಲ ಬಾಲಕಾರ್ಮಿಕರು. ನಲವತ್ತೆಂಟನೇ ವಯಸ್ಸಿನಲ್ಲಿ ಬಾಲಕಾರ್ಮಿಕನಾಗುವ ಯೋಗ ಎಲ್ಲರಿಗೂ ಬರುವುದಿಲ್ಲ.

ಸೇರಬೇಕೆಂದು ಬಂದವರಿಗೆ ವಿನಯಾ ಟೀಚರ್ ಒಂದು ಫಾರ್ಮ್ ಕೊಡುತ್ತಾರೆ. ಬಾಲವಾಡಿ ಶುರುಮಾಡಿದ್ದು ಅವರೇ, ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಶಾಲೆಯಲ್ಲಿ ಕೊರಳಲ್ಲಿರುವ ಸೀಟಿ ಶೆಡ್ಡಿಗೂ ಬರುತ್ತದೆ. ಸೀಟಿ ಊದಿದರೆ ಸಾಲಾಗಿ ನಿಲ್ಲುವುದರಲ್ಲಿ ಯಾರು ವಾಸಿ ಎಂದು ಕೇಳಿದರೆ ಶಾಲೆಯ ಮರ್ಯಾದೆಗೋಸ್ಕರ ಅವರು ಉತ್ತರ ಹೇಳುವುದಿಲ್ಲ. ಫಾರ್ಮಿನಲ್ಲಿರುವುದು ಒಂದೇ ಪ್ರಶ್ನೆ: ನಿಮಗೆ ಏನು ಬರುತ್ತದೆ?

ಜನರಿಗೆ ಏನೇನೋ ಬರುತ್ತದೆ. ರಿಕ್ಷಾ ಓಡಿಸುವ ಕುಷ್ಟನಿಗೆ ಭಾನುವಾರ ಗಿರಾಕಿ ಕಡಿಮೆ. ಆವತ್ತು ಅವನ ಹಿಂದಿನ ಸೀಟಿನಲ್ಲಿ ನಾಯಿಗಳು ಡಾಕ್ಟರರ ಹತ್ತಿರ ಹೋಗುತ್ತವೆ. ಟೈಲರ್ ಸುಗುಣ ಹಳೆಯ ಫ್ಲೆಕ್ಸ್ ಬ್ಯಾನರುಗಳ ಒಳಗೆ ಚಿಂದಿಬಟ್ಟೆ ತುಂಬಿ ಹಾಸಿಗೆ ಹೊಲಿಯುತ್ತಾಳೆ. ಕೈಮುಗಿದು ನಗುವ ಎಷ್ಟೋ ಮುಖಂಡರ ಮೇಲೆ ನಮ್ಮ ನಾಯಿಗಳು ಮಲಗಿ ಎದ್ದಿವೆ, ಪಕ್ಷ ನೋಡಿಲ್ಲ. ಮುಂಬಯಿಯ ಕ್ಯಾಂಟೀನಿನಲ್ಲಿ ಇಪ್ಪತ್ತೆಂಟು ವರ್ಷ ಅಡುಗೆ ಮಾಡಿ ಬಂದ ಚೆನ್ನಯ್ಯನಿಗೆ ಅರವತ್ತು ಜನರಿಗಿಂತ ಕಡಿಮೆ ಬೇಯಿಸಲು ಕೈ ಬಗ್ಗುವುದಿಲ್ಲ. ಮನೆಯಲ್ಲಿ ಅದು ಜಗಳಕ್ಕೆ ಕಾರಣವಾಗಿತ್ತು, ಇಲ್ಲಿ ಅದೇ ಅರ್ಹತೆಯಾಯಿತು. ಉಪ್ಪಿಲ್ಲದ ಅಡುಗೆ ಮಾಡಿ ತಟ್ಟೆ ನೆಕ್ಕಿಸಿಕೊಂಡ ಅಡುಗೆಯವನು ನನಗೆ ಗೊತ್ತಿದ್ದಂತೆ ಅವನೊಬ್ಬನೇ. ನಿವೃತ್ತ ಪೋಸ್ಟ್ ಮಾಸ್ಟರೊಬ್ಬರು ಫಾರ್ಮಿನಲ್ಲಿ ‘ಏನೂ ಬರುವುದಿಲ್ಲ’ ಎಂದು ಬರೆದಿದ್ದರು. ಹೊಸದಾಗಿ ಬಂದು ಮೂಲೆಯಲ್ಲಿ ನಡುಗುವ ನಾಯಿಯ ಪಕ್ಕ ಅವರು ಕುರ್ಚಿ ಹಾಕಿಕೊಂಡು ಪೇಪರನ್ನು ಗಟ್ಟಿಯಾಗಿ ಓದುತ್ತಾರೆ. ಸಂಪಾದಕೀಯ ಬರುವಷ್ಟರಲ್ಲಿ ನಾಯಿ ನಿದ್ದೆ ಹೋಗಿರುತ್ತದೆ. ನನ್ನದು ಬರವಣಿಗೆ. ‘ಮನೆ ಬೇಕಾಗಿದೆ’ ಎಂದು ಫೋಟೋದ ಕೆಳಗೆ ನಾಯಿಯ ಪರವಾಗಿ ನಾಲ್ಕು ಸಾಲು ಬರೆಯುವುದು. ಬಾಲಸಾಹಿತ್ಯ.

ನಾಲ್ಕು ವರ್ಷದ ಹಿಂದೆ ಆ ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟವಳು ಕೋಟ ಪಡುಕರೆಯ ಸುಂದರಕ್ಕ. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು.

“ನಿಮ್ಗೆ ಎಂತ ಬತ್ತ್ ಸುಂದರಕ್ಕ?” ಎಂದು ವಿನಯಾ ಟೀಚರ್ ಕೇಳಿದರು.

“ನಂಗ್ ಬಪ್ಪುದ್ ಎರಡೇ ಟೀಚ್ರೆ. ಮೀನ್ ಕೊಯ್ಯುದ್, ಮನಿ ಮನಿ ತಿರ್ಗುದ್. ಮೀನ್ ಕೊಯ್ದ್ ಕೊಡಿ ಅಂದ್ ನಿಮ್ಮ ನಾಯಿ ಕೇಂತಿಲ್ಲೆ. ತಿರ್ಗುದ್ ಏನಾರೂ ಉಪ್ಯೋಗಕ್ ಬತ್ತಾ ಕಾಣಿ.”

ಬಂತು. ನಾಯಿ ಬೇಕೆಂದು ಕೇಳಿದವರ ಮನೆಗೆ ಹೋಗಿ, ಕೊಡಬಹುದೋ ಬಾರದೋ ಎಂದು ನೋಡಿ ಬರುವ ಕೆಲಸ ಯಾರಿಗೂ ಬೇಡವಾಗಿತ್ತು. ಹೋದವರಿಗೆ ಕಾಫಿ ಕೊಡುತ್ತಾರೆ, ನಗುತ್ತಾರೆ, ಮುಂದಿನ ಬಾಗಿಲಲ್ಲಿ ಎಲ್ಲರೂ ಒಳ್ಳೆಯವರೇ. ಸುಂದರಕ್ಕ ಮೂವತ್ತೈದು ವರ್ಷ ಹೋದದ್ದು ಹಿಂದಿನ ಬಾಗಿಲಿಗೆ.

ನಾನು ಮಣೂರಿನವನು, ಅವಳ ಗಿರಾಕಿಯ ಮಗ. ಕುಂದಾಪುರದ ಕಾನ್ವೆಂಟಿನಲ್ಲಿ ಓದುತ್ತಿದ್ದೆ. ಅಲ್ಲಿ ಸಿಸ್ಟರುಗಳು ನಮಗೆ ಮೊದಲು ಕಲಿಸಿದ ವಿದ್ಯೆ ಮೆಲ್ಲಗೆ ಮಾತಾಡುವುದು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸಿಳಿದರೆ ಆ ವಿದ್ಯೆಗೆ ತದ್ವಿರುದ್ಧವಾದದ್ದೊಂದು ಕಿವಿಗೆ ಬೀಳುತ್ತಿತ್ತು. “ಹ್ವಾಯ್, ಮೀನ್ ಬೇಕಾ ಮೀನ್... ಬಂಗ್ಡೀ...” ಆ ‘ಡೀ’ ಒಂದು ಗದ್ದೆಯಿಂದ ಹೊರಟು ಇನ್ನೊಂದು ಗದ್ದೆಯಲ್ಲಿ ಇಳಿಯುತ್ತಿತ್ತು. ಆಮೇಲೆ ಸುಂದರಕ್ಕ ಕಾಣಿಸುತ್ತಿದ್ದಳು. ತಲೆಯ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ಬುಟ್ಟಿ, ಬುಟ್ಟಿಯಿಂದ ಬೆನ್ನಿಗೆ ಇಳಿಯುವ ಮಂಜುಗಡ್ಡೆಯ ನೀರು, ಒಂದು ಕೈ ಬೀಸುತ್ತ, ಓಡುವುದಕ್ಕೂ ನಡೆಯುವುದಕ್ಕೂ ನಡುವಿನ ಒಂದು ನಡಿಗೆ. ಹಿಂದೆ ನಮ್ಮೂರಿನ ನಾಯಿಗಳ ಮೆರವಣಿಗೆ. ನಮ್ಮ ಅಂಗಳದಲ್ಲಿ ಬುಟ್ಟಿ ಇಳಿಸಿದ ಮೇಲೆ ಅಮ್ಮನ ಜೊತೆ ಚೌಕಾಸಿ ಮಾಡುತ್ತಲೇ ಬಂಗುಡೆಯ ತಲೆಗಳನ್ನು ಒಂದೊಂದಾಗಿ ಹಿಂದಕ್ಕೆ ಎಸೆಯುತ್ತಿದ್ದಳು, ಯಾರಿಗೆ ಯಾವುದು ಎಂದು ನೋಡದೆ. ಒಂದೂ ನೆಲಕ್ಕೆ ಬಿದ್ದದ್ದಿಲ್ಲ.

ಈಗ ಮೀನು ಟೆಂಪೋದಲ್ಲಿ ಬರುತ್ತದೆ. ಕೂಗುವುದು ರೆಕಾರ್ಡು. ನಾಯಿಗಳು ಅದರ ಹಿಂದೆ ಓಡುತ್ತವೆ ನಿಜ, ಆದರೆ ಬೊಗಳಿಕೊಂಡು.

ಹೀಗೆ ಪ್ರತಿ ಅಡುಗೆಮನೆಯ ಬೆನ್ನು ಕಂಡವಳು ಕೊಡುವ ತೀರ್ಪು ಎರಡೇ ಮಾತಿನದು. ಕೋಟೇಶ್ವರದ ಕಡೆಯ ಒಂದು ದೊಡ್ಡ ಮನೆ, ಎರಡು ಕಾರು, ನಾಯಿಗೆಂದೇ ಕಟ್ಟಿಸಿದ ಗೂಡು. ನಾವೆಲ್ಲ ಮರುಳಾಗಿದ್ದೆವು. ಸುಂದರಕ್ಕ ರಿಕ್ಷಾದಿಂದ ಇಳಿಯಲೇ ಇಲ್ಲ. “ಬ್ಯಾಡ. ಬಂಗ್ಡಿ ತಲಿ ಬೆಕ್ಕಿಗ್ ಹಾಕುದಿಲ್ಲ ಆ ಹೆಂಗ್ಸ್, ಎಣ್ಸಿ ಫ್ರಿಜ್ಜಲ್ ಇಡ್ತಳ್.” ಬಾರ್ಕೂರಿನ ಹತ್ತಿರ ಇನ್ನೊಂದು ಮನೆ, ಮಾಡಿನ ಮೇಲೆ ನೀಲಿ ಟಾರ್ಪಾಲು. “ಕೊಡಿ. ಮೀನಿನ ರೇಟ್ ಕೇಂಬುದಕ್ ಮೊದ್ಲ್ ನಂಗೆ ನೀರ್ ಬೇಕಾ ಕೇಂತ್ಳ್.” ಅವಳ ಪರೀಕ್ಷೆಯಲ್ಲಿ ಇದ್ದದ್ದು ಆ ಒಂದೇ ಪ್ರಶ್ನೆ: ಹೊತ್ತು ಬಂದವಳಿಗೆ ನೀರು ಕೊಟ್ಟರೋ ಇಲ್ಲವೋ. ಹೀಗೆ ಮನೆ ಸೇರಿದ ನಲವತ್ತಕ್ಕೂ ಹೆಚ್ಚು ನಾಯಿಗಳಲ್ಲಿ ವಾಪಸು ಬಂದದ್ದು ಒಂದು. ಅದೂ ಆ ಮನೆಯವರು ದುಬೈಗೆ ಹೋದರೆಂದು.

ಮೂರು ವರ್ಷದ ಹಿಂದೆ ಸುಂದರಕ್ಕನ ಮಂಡಿ ಮುಷ್ಕರ ಹೂಡಿತು. ತಿರುಗುವುದು ನಿಂತು, ಕೋಟ ಮೂರುಕೈಯ ಮೀನು ಮಾರ್ಕೆಟಿನಲ್ಲಿ ಸ್ಟೂಲಿನ ಮೇಲೆ ಕೂತು ಮಾರತೊಡಗಿದಳು. ಬಾಲವಾಡಿಯ ಕೆಲಸ ಮಾತ್ರ ಕುಷ್ಟನ ರಿಕ್ಷಾದಲ್ಲಿ ಮುಂದುವರಿಯಿತು.

ಅದೇ ಸಮಯಕ್ಕೆ ಮುಕ್ಕಾಲಿ ಬಂದಳು. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಹಿಂದಿನ ಎಡಗಾಲು ಕಳೆದುಕೊಂಡ ಕಂದು ಬಣ್ಣದ ಹೆಣ್ಣು ನಾಯಿ. ಹೆಸರು ನನ್ನದೇ ಎಂದು ಹೇಳಬೇಕಾಗಿಲ್ಲ. ಶೆಡ್ಡಿನಲ್ಲಿ ಬೇರೆ ನಾಯಿಗಳು ಅವಳನ್ನು ಕೆಡವುತ್ತಿದ್ದವು. ಅವಳು ಗೋಡೆಗೆ ಮುಖ ಮಾಡಿ ಮಲಗಿ, ಚೆನ್ನಯ್ಯನ ಅನ್ನವನ್ನು ಐದು ದಿನ ಮೂಸಲಿಲ್ಲ. ಪೋಸ್ಟ್ ಮಾಸ್ಟರರು ಎರಡು ಪುರವಣಿ ಸಮೇತ ಓದಿದರೂ ಏಳಲಿಲ್ಲ. ಆರನೇ ದಿನ ಸುಂದರಕ್ಕ ಬಂದು, ಅವಳ ಎದುರು ಕಾಲು ಚಾಚಿ ಕೂತು, “ಎಂತ ಹೆಣ್ಣೆ, ನಿಂಗೂ ಕಾಲ್ ಸಮ ಇಲ್ಯಾ?” ಎಂದಳು. ಸೆರಗಿನಲ್ಲಿ ಕಟ್ಟಿ ತಂದಿದ್ದ ಒಣಮೀನು ತೆಗೆದಳು. “ಎಂಟ್ ದಿನಕ್ ನಮ್ಮನಿಗ್ ಕರ್ಕಂಡ್ ಹೋತೆ, ಮನಿ ಸಿಕ್ಕುವರೆಗೆ” ಎಂದು ರಿಕ್ಷಾ ಹತ್ತಿಸಿಕೊಂಡಳು.

ಎಂಟು ದಿನ ಎರಡು ವರ್ಷವಾಯಿತು. ನಾನು ಮುಕ್ಕಾಲಿಗೆ ಹನ್ನೊಂದು ಜಾಹೀರಾತು ಬರೆದೆ. ‘ಕಾಲು ಮೂರು, ನಾಯಿ ಪೂರ್ತಿ’ ಎಂಬುದಕ್ಕೆ ಇನ್ನೂರು ಜನ ಹೃದಯದ ಗುರುತು ಒತ್ತಿದರು. ಆ ಹೃದಯವಂತರಲ್ಲಿ ಒಬ್ಬರಿಗೂ ಮನೆಯಿರಲಿಲ್ಲ ಎಂದು ಕಾಣುತ್ತದೆ. ಪಡುಕರೆಯ ಮರಳಿನಲ್ಲಿ ಸಂಜೆ ಹೊತ್ತು ಇಬ್ಬರೂ ಕುಂಟುತ್ತ ಹೋಗುವುದನ್ನು ಕಂಡವರು, ಈ ನಾಯಿಗೆ ಬೇರೆ ಮನೆ ಹುಡುಕುತ್ತಿದ್ದಾರೆ ಎಂದರೆ ನಂಬುತ್ತಿರಲಿಲ್ಲ.

ಆದರೆ ಹೋದ ವರ್ಷ ಮೇ ತಿಂಗಳಲ್ಲಿ ಅದು ನಂಬಲೇಬೇಕಾದ ಮಾತಾಯಿತು. ಮಣಿಪಾಲದಲ್ಲಿ ಸುಂದರಕ್ಕನ ಎರಡೂ ಮಂಡಿಗೆ ಆಪರೇಷನ್ ನಿಗದಿಯಾಯಿತು. ಜೂನ್ ಒಂದಕ್ಕೆ ಮೀನುಗಾರಿಕೆ ನಿಂತರೆ ಹೇಗೂ ವ್ಯಾಪಾರವಿಲ್ಲ ಎಂದು ಸುಂದರಕ್ಕನೇ ಆ ವಾರವನ್ನು ಆರಿಸಿಕೊಂಡಿದ್ದಳು. ಆಮೇಲೆ ನಾಲ್ಕು ತಿಂಗಳು ಬೈಂದೂರಿನಲ್ಲಿ, ಮಗಳು ಪ್ರೇಕ್ಷಾಳ ಬಾಡಿಗೆ ಮನೆಯಲ್ಲಿ. ಮಹಡಿಯ ಮನೆ, ನಾಯಿ ತರಬಾರದೆಂದು ಮಾಲೀಕರ ಕರಾರು. ಆಮೇಲೂ ಕಾಲಡಿಗೆ ಬರುವ ನಾಯಿಯನ್ನು ಇಟ್ಟುಕೊಳ್ಳಲೇಬಾರದೆಂದು ಡಾಕ್ಟರು ಖಡಾಖಂಡಿತ ಹೇಳಿದ್ದರು.

“ಶೆಡ್ಡಿಗ್ ಕಳ್ಸಿದ್ರೆ ಅದ್ ಮತ್ತೆ ಗೋಡೆ ಕಾಂತ್ ಮನ್ಗತ್ತ್” ಎಂದಳು ಸುಂದರಕ್ಕ. “ಈ ಸಲ ಏಳುದಿಲ್ಲ.” ಯಾವತ್ತೂ ಗಟ್ಟಿಯಾಗಿ ಮಾತಾಡುವವಳು ಇದನ್ನು ಮಾತ್ರ ಸಿಸ್ಟರುಗಳು ಮೆಚ್ಚುವಷ್ಟು ಮೆಲ್ಲಗೆ ಹೇಳಿದಳು.

ಉಳಿದದ್ದು ಮೂರು ವಾರ. ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ ಒಂದು ಅರ್ಜಿ ಬಂತು. ಕೋಟದ ಹಿರಿಯಣ್ಣ ಉರಾಳರಿಂದ. ದೇವಸ್ಥಾನಕ್ಕೆ ಹೂವು, ಬಾಳೆಲೆ ಒದಗಿಸುವ, ಸ್ವಲ್ಪ ಗದ್ದೆಯೂ ಇರುವ ಮನೆತನ. ಫೋನಿನಲ್ಲಿ ಟೈಪ್ ಮಾಡಿದ್ದು ಸೊಸೆ ಸಿಂಚನಾ. ಯಾವ ನಾಯಿ ಬೇಕು ಎಂಬಲ್ಲಿ, ‘ಆ ಮೂರು ಕಾಲಿನದು. ಮಾವ ಬೇರೆ ಯಾವುದನ್ನೂ ನೋಡಲಿಲ್ಲ’ ಎಂದಿತ್ತು.

ವಿನಯಾ ಟೀಚರ್ ಖುಷಿಯಿಂದ ಒಮ್ಮೆ ಸೀಟಿ ಊದಿಯೇಬಿಟ್ಟರು. ನಾಯಿಗಳು ಸಾಲು ನಿಂತವು. ಸುಂದರಕ್ಕ ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ.

“ಆ ಮನಿ ಬ್ಯಾಡ.”

“ಎಂತಕೆ? ಅವ್ರ್ ಮೀನ್ ತಿಂತಿಲ್ಲೆ ಅಂದಾ?”

“ತಿನ್ನದಿದ್ರೆ ಅವ್ರ ಹೊಟ್ಟಿ, ನಂಗೆಂತ? ಆ ಗೇಟಲ್ ನಾಯಿ ಉಳುದಿಲ್ಲ ಟೀಚ್ರೆ.”

ಆಮೇಲೆ ಅವಳು ಹೇಳಿದ್ದಿಷ್ಟು. ಪಡುಕರೆಯಿಂದ ಹೊರಡುವಾಗ ಅವಳ ಹಿಂದೆ ಐದಾರು ನಾಯಿ ಇರುತ್ತಿದ್ದವು. ಕಾಲ ಸಪ್ಪಳ, ಏದುಸಿರು, ಒಂದನ್ನೊಂದು ಕಚ್ಚಿ ಆಡುವುದು ಎಲ್ಲ ಬೆನ್ನಿಗೆ ಕೇಳುತ್ತಿತ್ತು. ದೇವಸ್ಥಾನದ ಓಣಿಯಲ್ಲಿ ನಾಲ್ಕೈದು ಮನೆ ಉರಾಳರದು, ಐತಾಳರದು. ಅಲ್ಲಿ ಮೀನು ಕೂಗುವುದು ಸರಿಯಲ್ಲವೆಂದು ಅವಳು ದನಿ ನುಂಗಿ, ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು. ಸರಿಯಾಗಿ ಉರಾಳರ ಗೇಟು ದಾಟುವಾಗ ಹಿಂದಿನಿಂದ ‘ಠಣ್ ಠಣ್’ ಎಂದು ಲೋಹದ ಶಬ್ದ. ಆಮೇಲೆ ಬೆನ್ನ ಹಿಂದೆ ಸಪ್ಪಳವೇ ಇಲ್ಲ. ಮಣೂರಿನಲ್ಲಿ ಬುಟ್ಟಿ ಇಳಿಸಿ ನೋಡಿದರೆ ಪಡುಕರೆಯಿಂದ ಬಂದವುಗಳಲ್ಲಿ ಎರಡು ಉಳಿದಿದ್ದರೆ ಹೆಚ್ಚು. ಒಂದು ದಿನವಲ್ಲ, ಒಂದು ವರ್ಷವಲ್ಲ.

“ಎಂತದೋ ಬಡ್ದ್ ಹೆದ್ರಿಸ್ತ್ರ್. ಕಲ್ಲೂ ಹೊಡಿತ್ರೊ ಏನೊ. ನನ್ನ ರಾಣಿ ಹೋದದ್ದ್ ಅಲ್ಲೇ. ಬೆಳಿಗ್ಗೆ ನನ್ನೊಟ್ಟಿಗೆ ಬಂದದ್ದ್, ಆ ಗೇಟಿಂದಾಚಿಗ್ ಬರ್ಲೇ ಇಲ್ಲ. ಎಂಟ್ ವರ್ಷ ಆಯ್ತ್.” ಮುಕ್ಕಾಲಿಯ ಕಿವಿಯನ್ನು ಬೆರಳಿನಿಂದ ಸುತ್ತುತ್ತ ಹೇಳಿದಳು, “ಅಲ್ಲಿಗ್ ಕೊಡುದಕ್ಕಿಂತ ಹೊಳಿಗ್ ಬಿಡುದ್ ಒಳ್ಳೇದ್.”

ಊರಿನ ಸಾವಿರ ಅಡುಗೆಮನೆಯ ಗುಣ ಬಲ್ಲ ಸುಂದರಕ್ಕನಿಗೆ, ಮೀನು ಕೊಳ್ಳದ ಮನೆಗಳೆಂದರೆ ನಕಾಶೆಯಲ್ಲಿ ಖಾಲಿ ಬಿಟ್ಟ ಜಾಗ. ಅಲ್ಲಿಂದ ಅವಳಿಗೆ ಬಂದದ್ದು ಒಂದು ಶಬ್ದ ಮಾತ್ರ.

“ಇನ್ ಬೇರೆ ಯಾರೂ ಇಲ್ಲ ಸುಂದರಕ್ಕ” ಎಂದರು ವಿನಯಾ ಟೀಚರ್. “ನೀವ್ ಬ್ಯಾಡ ಅಂದ್ರೆ ಬ್ಯಾಡವೇ. ಒಂದ್ ಸಲ ಕಂಡ್ಕಂಡಾರೂ ಬಪ್ಪ.”

ಹೀಗೆ ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಅವಳು ಯಾವಾಗಲೂ ಆ ಓಣಿ ದಾಟುತ್ತಿದ್ದ ಹೊತ್ತಿಗೇ, ಕುಷ್ಟನ ರಿಕ್ಷಾ ಉರಾಳರ ಗೇಟಿನ ಮುಂದೆ ನಿಂತಿತು. ಹಿಂದೆ ಸುಂದರಕ್ಕ, ಮುಕ್ಕಾಲಿ, ನಾಯಿ ಒಪ್ಪಿಸುವ ಫಾರ್ಮ್ ಹಿಡಿದುಕೊಂಡು ನಾನು. ಸುಂದರಕ್ಕ ಮಿಂದು, ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಇಳಿದವಳು ಗೇಟಿನ ಹೊರಗೇ ಹಗ್ಗ ಬಿಗಿಹಿಡಿದು ನಿಂತು, ಕುಷ್ಟನಿಗೆ ಮೆಲ್ಲಗೆ ಹೇಳಿದಳು:

“ಕಲ್ ಎಲ್ಲಿ ಕೂಡಿಟ್ಕಂಡಿರ್ ಕಾಣ್ ಮಗಾ.”

“ಕಲ್ ಇಲ್ಲ, ಸ್ವಿಚ್ ಬೋರ್ಡ್ ಇತ್ತ್” ಎಂದ ಕುಷ್ಟ. ನಿಜವೇ. ಉರಾಳರ ಮಗನ ಎಲೆಕ್ಟ್ರಿಕ್ ಅಂಗಡಿಯ ಸಾಮಾನು ಜಗಲಿಯ ಅರ್ಧ ತುಂಬಿತ್ತು. ಇನ್ನರ್ಧದಲ್ಲಿ ಬಾಳೆಲೆಯ ರಾಶಿ. ಅದರ ನಡುವೆ ಕೂತು ಒಬ್ಬರು ಸಣ್ಣ ಕತ್ತಿಯಿಂದ ಎಲೆಯ ಅಂಚು ಕತ್ತರಿಸುತ್ತಿದ್ದರು. ಅವರೇ ಹಿರಿಯಣ್ಣ. ಅರವತ್ತೈದರ ತೆಳ್ಳಗಿನ ಮನುಷ್ಯ. ನಮ್ಮನ್ನು ಕಂಡು ಎದ್ದವರು, ನಮ್ಮನ್ನು ಮಾತಾಡಿಸಲಿಲ್ಲ. ಮುಕ್ಕಾಲಿಯನ್ನು ಒಮ್ಮೆ ನೋಡಿ ಒಳಗೆ ಹೋದರು.

“ಕಂಡ್ರ್ಯಾ? ಬನ್ನಿ ಅಂದ್ಲೂ ಹೇಳುದಿಲ್ಲ” ಎಂದಳು ಸುಂದರಕ್ಕ.

ಹಿರಿಯಣ್ಣ ಹೊರಗೆ ಬಂದಾಗ ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಸೌಟು ಇತ್ತು. ಪಾತ್ರೆಯ ಅಂಚಿಗೆ ಸೌಟಿನಿಂದ ಎರಡು ಸಲ ಬಡಿದರು. ಠಣ್ ಠಣ್.

ಸುಂದರಕ್ಕ ಬೆಚ್ಚಿ ಮುಕ್ಕಾಲಿಯನ್ನು ಕಾಲ ಹಿಂದಕ್ಕೆ ಎಳೆದುಕೊಂಡಳು. “ಅದೇ! ಅದೇ ಶಬ್ದ ಕಾಣಿ!”

ಹಿರಿಯಣ್ಣ ಗೇಟಿನ ಒಳಬದಿಗೆ, ಕಂಪೌಂಡಿನ ಮೂಲೆಗೆ ಬಗ್ಗಿದರು. ಅಲ್ಲಿ ನಾಲ್ಕೂ ಕಡೆ ನೆಗ್ಗಿದ ಒಂದು ಅಲ್ಯೂಮಿನಿಯಂ ತಟ್ಟೆ ಇತ್ತು. ಅದಕ್ಕೆ ಎರಡು ಸೌಟು ಮೊಸರನ್ನ ಬಡಿಸಿ, ದೂರ ಸರಿದು ನಿಂತರು. ದೇವಸ್ಥಾನದ ಪಂಕ್ತಿಯಲ್ಲಿ ಬಡಿಸಿ ಅಭ್ಯಾಸವಾದವರು ಸರಿದು ನಿಲ್ಲುವ ಹಾಗೆ.

ಮುಕ್ಕಾಲಿ ಸುಂದರಕ್ಕನ ಮುಖ ನೋಡಿದಳು. ಸುಂದರಕ್ಕನ ಕೈಯಲ್ಲಿ ಹಗ್ಗ ತಾನಾಗಿ ಸಡಿಲವಾಗಿತ್ತು.

“ನಾಯಿಗ್... ನಾಯಿಗ್ ಎಂತ ಹಾಕ್ತ್ರಿ ನೀವ್?” ಎಂದಳು. ತೀರ್ಪುಗಾರಳ ಪ್ರಶ್ನೆಯೇ, ಆದರೆ ದನಿ ತೀರ್ಪುಗಾರಳದ್ದಾಗಿರಲಿಲ್ಲ.

“ನಿಮ್ಮ ನಾಯಿಗಳಿಗ್ ಮೂವತ್ ವರ್ಷ ಎಂತ ಹಾಕ್ದೆನೊ ಅದೇ” ಎಂದರು ಹಿರಿಯಣ್ಣ. “ದೋಸಿ ಇದ್ ದಿನ ದೋಸಿ. ನೀವ್ ಬಪ್ಪುದ್ ನಿಂತ ಮೇಲೆ ಅವೂ ಬತ್ತಿಲ್ಲೆ. ಎರಡ್ ವರ್ಷದಿಂದ ಬಟ್ಟಲ್ ಖಾಲಿ. ಅದಕ್ಕೇ ಸಿಂಚನಾ ಹತ್ರ ಅರ್ಜಿ ಹಾಕ್ಸಿದ್ದ್.”

ಆಗ ಒಳಗಿನಿಂದ ಅವರ ಹೆಂಡತಿ ವನಮಾಲಾ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದರು. “ಸುಂದರಿ ಅಲ್ದಾ ನೀನ್? ಕೇಂತಿದ್ದದ್ದ್ ಮೂವತ್ತೈದ್ ವರ್ಷ, ಮುಖ ಸಮ ಕಾಂಬುದ್ ಇವತ್ತೇ ಮಾರಾಯ್ತಿ. ನಿನ್ ಕೂಗ್ ನಮ್ಮ ಓಣಿ ಬಾಯಲ್ ನಿಲ್ಲುದ್, ಮಣೂರ್ ದಾರಿಲ್ ಮತ್ತೆ ಶುರುವಾಪುದ್. ನಡೂಕ್ ನೀನ್ ಸುಮ್ನಾಪ್ಪತಿಗೆ ನಾನ್ ಅಕ್ಕಿ ತೊಳುದ್. ಈಗ ನಮ್ಮನಿ ಅನ್ನ ಒಂದಿನ ಬೇಗ, ಒಂದಿನ ತಡ. ಎಲ್ಲ ನಿನ್ನಿಂದ.”

ಎಷ್ಟೋ ಮನೆಗಳಿಗೆ ಅವಳ ಕೂಗು ಗಡಿಯಾರವಾಗಿತ್ತು ಎಂದು ನನಗೆ ಗೊತ್ತಿತ್ತು. ಅವಳ ಮೌನವನ್ನು ಗಡಿಯಾರ ಮಾಡಿಕೊಂಡ ಮನೆಯೊಂದಿದೆ ಎಂದು ಗೊತ್ತಿರಲಿಲ್ಲ. ಮಾತಾಡುತ್ತಲೇ ಒಳಗೆ ಹೋದ ವನಮಾಲಾ ಅಮ್ಮ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದು ಗೇಟಿನ ಕಂಬದ ಮೇಲಿಟ್ಟಿದ್ದರು. ಯಾರೂ ಕೇಳಿರಲಿಲ್ಲ. ಸುಂದರಕ್ಕ ಆ ತಂಬಿಗೆಯನ್ನು ಸ್ವಲ್ಪ ಹೊತ್ತು ನೋಡಿ, ನೀರು ಕುಡಿದಳು.

“ಕಿವಿ ಹರ್ದದ್ ಒಂದ್ ಕರಿ ಗಂಡ್ ನಾಯಿ ಇದ್ದಿತ್ತಲೆ,” ಎಂದರು ಹಿರಿಯಣ್ಣ, “ನಾನ್ ಅದಕ್ಕೆ ಶ್ಯಾನುಭೋಗ ಅಂತಿದ್ದೆ. ಎಲ್ಲ ಬಟ್ಟಲೂ ತಪಾಸಣೆ ಮಾಡ್ತಿತ್.”

“ಅದ್ ನಮ್ಮ ಕರ್ಮುಂಡ!” ಸುಂದರಕ್ಕನ ಮುಖ ಅರಳಿತು. “ಬಿಳಿ ಕಾಲಿಂದ್? ಯಾವತ್ತೂ ನೆಗಾಡ್ದಂಗ್ ಕಾಂಬುದ್?”

“ಕಾಲ್ಚೀಲ! ಅದಕ್ ಮಜ್ಜಿಗಿ ಆತಿರ್ಲಿಲ್ಲ, ಗಟ್ಟಿ ಮೊಸರೇ ಆಯ್ಕ್.”

“ಅದೇ ಕಾಣಿ, ನಮ್ಮಲ್ಲ್ ಸಣ್ಣ ಬೈಗಿ ಮೀನ್ ಕೊಟ್ರೆ ಮೂಸುದಿಲ್ಲ, ದೊಡ್ಡ ಅಂಜಲೇ ಆಯ್ಕ್ ಅದ್ಕೆ!”

ಹೀಗೆ ಹೊರಟಿತು. ಗೇಟಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಮೂವತ್ತೈದು ವರ್ಷದ ನಾಯಿಗಳನ್ನು ಒಂದೊಂದಾಗಿ ಕರೆದು ನಿಲ್ಲಿಸಿದರು. ಮಹಾ ನೆರೆ ಬಂದ ವರ್ಷ ಹುಟ್ಟಿದ್ದು, ರಸ್ತೆ ಅಗಲ ಮಾಡುವಾಗ ಸತ್ತದ್ದು, ಬಸ್ಸು ಹತ್ತಿ ಬ್ರಹ್ಮಾವರದಲ್ಲಿ ಇಳಿದು ನಡೆದು ವಾಪಸು ಬಂದದ್ದು. ಪ್ರತಿ ನಾಯಿಗೂ ಎರಡು ಹೆಸರು, ಎರಡು ಊಟ. ಬೆಳಿಗ್ಗೆ ಪಡುಕರೆಯಲ್ಲಿ ಮೀನಿನ ತಲೆ, ಹತ್ತು ಗಂಟೆಗೆ ಕೋಟದಲ್ಲಿ ಮೊಸರನ್ನ. ಈ ಜಿಲ್ಲೆಯಲ್ಲಿ ಸಸ್ಯಾಹಾರವನ್ನೂ ಮಾಂಸಾಹಾರವನ್ನೂ ಇಷ್ಟು ನಿರಾತಂಕವಾಗಿ ಒಟ್ಟಿಗೆ ಜೀರ್ಣಿಸಿಕೊಂಡವರು ಬೇರೆ ಇರಲಾರರು. ಅಷ್ಟರಲ್ಲಿ ಮುಕ್ಕಾಲಿ ತಟ್ಟೆಯ ಹತ್ತಿರ ಹೋಗಿದ್ದನ್ನು ಯಾರೂ ಗಮನಿಸಲಿಲ್ಲ. ತಟ್ಟೆ ಕಲ್ಲಿಗೆ ತಾಗಿ ಸದ್ದಾದಾಗಲೇ ಗೊತ್ತಾದದ್ದು.

ಕಡೆಗೆ ಸುಂದರಕ್ಕ ಕೇಳಿದಳು:

“ಒಂದ್ ಹೆಣ್ಣ್ ಇದ್ದಿತ್, ರಾಣಿ ಅಂದ್. ಕೆಂಚು. ಬಾಲದ್ ತುದಿ ಬೆಳ್ಳಗೆ.”

ಹಿರಿಯಣ್ಣ ವನಮಾಲಾ ಅಮ್ಮನ ಕಡೆ ನೋಡಿದರು. “ಅದ್ ನಮ್ಮ ‘ಅಜ್ಜಿ’” ಎಂದರು ಆಕೆ.

“ಅದಕ್ಕೆ ವಯಸ್ಸಾಯಿತ್,” ಎಂದರು ಹಿರಿಯಣ್ಣ ನಿಧಾನವಾಗಿ. “ಒಂದಿನ ಉಂಡ್ ಅಲ್ಲೇ ಮನ್ಗಿತ್, ಏಳ್ಲಿಲ್ಲ. ಕಿವಿ ಪೂರಾ ಹೋಯಿತ್ತ್. ಹಟ್ಟಿ ಬದಿಲ್ ಗೋಣಿ ಹಾಸಿ ಇಟ್ಕಂಡೊ. ಎರಡ್ ವರ್ಷ ಇದ್ದಿತ್. ಬಾವಿ ಹಿಂದೆ ದಾಸಾಳ ಗಿಡದ್ ಬುಡದಲ್ಲ್ ಮಣ್ ಮಾಡಿದ್ದ್. ಆ ಗಿಡದ್ ಹೂಗ್ ನಾನ್ ಕೈ ಹಾಕುದಿಲ್ಲ. ಅದ್ ಅದ್ರದ್ದೇ.”

ಸುಂದರಕ್ಕ ಗೇಟು ತಳ್ಳಿದಳು. ಮೂವತ್ತೈದು ವರ್ಷ ಅದರ ಮುಂದೆ ಓಡಿದವಳು, ಆಗಲೇ ಮೊದಲ ಸಲ ಒಳಗೆ ಕಾಲಿಟ್ಟದ್ದು. ಮಂಡಿ ಹಿಡಿದುಕೊಳ್ಳುತ್ತ ಬಾವಿಯ ಹಿಂದಕ್ಕೆ ಹೋದಳು. ಗಿಡದ ತುಂಬ ಕೆಂಪು ಹೂ, ಬುಡದಲ್ಲಿ ಬಾಡಿ ಬಿದ್ದದ್ದು ಬೇರೆ. ಅವಳು ಸೆರಗು ಬಾಯಿಗೆ ಹಿಡಿದು ನಿಂತದ್ದನ್ನು ನೋಡಿ ನಾನು ಫಾರ್ಮು ಓದುವುದರಲ್ಲಿ ಮಗ್ನನಾದೆ. ಕುಷ್ಟ ರಿಕ್ಷಾದ ಹಾರನ್ ಒರೆಸಿದ.

ಬಂದವಳು ಜಗಳಕ್ಕೇ ನಿಂತಳು. “ಎರಡ್ ವರ್ಷ ಉರಾಳ್ರೆ! ದಿನಾ ನಾನ್ ಇಲ್ಲೇ ಹೋಪುದ್. ಹ್ವಾಯ್, ನಿನ್ ನಾಯಿ ಇಲ್ಲಿತ್ತ್ ಅಂದ್ ಒಂದ್ ಕೂಗ್ ಹಾಕುಕ್ ನಿಮ್ಗೆಂತ ಆಯಿತ್?”

ಹಿರಿಯಣ್ಣ ಜಗಲಿಗೆ ಹೋಗಿ ಒಂದು ಬಾಳೆಲೆಯ ಅಂಚನ್ನು ಸವರಿದರು. “ಮೀನಿನೋಳನ್ನ ಗೇಟಲ್ ನಿತ್ ಕರುದ್ ಹ್ಯಾಂಗ್? ಕರೆದ್ರೆ ಓಣಿಲ್ ಎಂತ ತಿಳ್ಕಂತ್ರ್? ಉರಾಳ್ರ ಮನಿಲ್ ಇವತ್ ಬಂಗ್ಡಿ ಅಂತ್ರ್.”

ವನಮಾಲಾ ಅಮ್ಮನಿಗೆ ನಗು ತಡೆಯಲಿಲ್ಲ. “ಇವ್ರದ್ ಬಿಡ್. ನೀನಾರೂ ಒಂದ್ ಸಲ ತಿರ್ಗಿ ಕಾಂಬುದಲ್ದಾ?”

“ತಲಿ ಮೇಲ್ ಬುಟ್ಟಿ ಇಟ್ಕಂಡ್ ತಿರ್ಗುದ್ ಹ್ಯಾಂಗ್ ಅಮ್ಮ? ತಿರ್ಗಿರೆ ಬಂಗ್ಡಿ ಎಲ್ಲ ನಿಮ್ಮ ಅಂಗ್ಳದಲ್ಲೇ!”

“ರಾಮ ರಾಮ” ಎಂದರು ಹಿರಿಯಣ್ಣ. ಆಮೇಲೆ ಅವರೂ ನಕ್ಕರು.

ತಲೆಯ ಮೇಲೆ ಭಾರ ಹೊತ್ತವರು ಮುಂದೆ ಮಾತ್ರ ನೋಡಬೇಕು. ಹಿಂದಿನದನ್ನು ಕಿವಿಯಿಂದಲೇ ತಿಳಿಯಬೇಕು. ಸುಂದರಕ್ಕ ಮಾಡಿದ್ದು ಅಷ್ಟೇ. ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು.

ಒಂದು ಕರಾರು ಉಳಿದಿತ್ತು. ಎರಡು ವರ್ಷ ಒಣಮೀನು ತಿಂದ ನಾಯಿ. ವಾರಕ್ಕೊಮ್ಮೆಯಾದರೂ ಮೀನು ಬೇಕು ಎಂದು ಸುಂದರಕ್ಕ ಪಟ್ಟು ಹಿಡಿದಳು. ಹಿರಿಯಣ್ಣ ಸ್ವಲ್ಪ ಯೋಚಿಸಿ, “ಗೇಟ್ ಒಳ್ಗೆ ನಮ್ಮ ಜಾಗ. ಹೊರ್ಗೆ ಪಂಚಾಯತ್ ರಸ್ತೆ. ರಸ್ತಿ ಮೇಲೆ ಯಾರ್ ಎಂತ ಹಾಕ್ತ್ರೊ, ನಾಯಿ ಎಂತ ತಿಂತ್ತೊ, ನಂಗ್ ಕಣ್ ಸಮ ಕಾಂತಿಲ್ಲೆ” ಎಂದರು. ಕಾನೂನು ಪಂಡಿತರು ಮೆಚ್ಚುವ ತೀರ್ಮಾನ.

ಫಾರ್ಮಿನಲ್ಲಿ ಷರಾ ಎಂದು ಒಂದು ಕಾಲಮ್ಮಿದೆ. ಸುಂದರಕ್ಕ ಹೇಳಿದ್ದನ್ನು ನಾನು ಬರೆದುಕೊಂಡೆ: ‘ನೀರು ಕೊಟ್ಟರು. ಕೇಳುವುದಕ್ಕೆ ಮೊದಲು.’ ಕೆಳಗೆ ಅವಳು ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಸಹಿ ಹಾಕಿದಳು. ಹಗ್ಗವನ್ನು ಹಿರಿಯಣ್ಣನವರ ಕೈಗೆ ಕೊಟ್ಟು, ರಿಕ್ಷಾ ಹತ್ತಿದಳು. ಪಡುಕರೆಯಲ್ಲಿ ಇಳಿಯುವಾಗ, “ಅಂವ ಮೊಸ್ರಿಗ್ ನೀರ್ ಹಾಕುದಿಲ್ಲ, ಕಂಡ್ರ್ಯಾ?” ಎಂದಳು.

ಆಪರೇಷನ್ ಆಯಿತು. ಬೈಂದೂರಿನ ಮಹಡಿಯಿಂದ ದಿನಕ್ಕೊಮ್ಮೆ ಸಿಂಚನಾಳ ಫೋನಿಗೆ ಕರೆ ಹೋಗುತ್ತಿತ್ತು. ಫೋನನ್ನು ಮುಕ್ಕಾಲಿಯ ಕಿವಿಗೆ ಹಿಡಿಯಬೇಕೆಂದು ಆಜ್ಞೆ. ಏನು ಮಾತಾಡುತ್ತಿದ್ದಳೋ, ಮುಕ್ಕಾಲಿ ಯಾರಿಗೂ ಹೇಳಿಲ್ಲ.

ನವರಾತ್ರಿ ಮುಗಿದ ವಾರ ಸುಂದರಕ್ಕ ಪಡುಕರೆಗೆ ವಾಪಸಾದಳು. ಒಂದು ಬೆಳಿಗ್ಗೆ ನನಗೆ ಫೋನು: “ಹತ್ ಗಂಟಿಗ್ ಓಣಿ ಬಾಯಿಗ್ ಬನ್ನಿ. ನಾನ್ ನಡ್ಕಂಡ್ ಬತ್ತೆ.” ಬಂದಳು. ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಚಿಕ್ಕದೊಂದು ಚೀಲ, ತಲೆ ಖಾಲಿ. ಅಭ್ಯಾಸ ಬಲದಿಂದ ಕುತ್ತಿಗೆ ಮಾತ್ರ ಬುಟ್ಟಿ ಹೊತ್ತವರ ಹಾಗೆ ನೆಟ್ಟಗಿತ್ತು. ಓಣಿಯೊಳಗೆ ನಿಧಾನವಾಗಿ ನಡೆದು ಉರಾಳರ ಗೇಟಿನ ಮುಂದೆ ನಿಂತಳು. ಉಸಿರೆಳೆದುಕೊಂಡಳು.

“ಹ್ವಾಯ್! ಮೀನ್ ಬೇಕಾ ಮೀನ್... ಬಂಗ್ಡೀ...”

ಎರಡು ವರ್ಷ ತೆಗೆದಿಟ್ಟಿದ್ದ ದನಿ. ಆ ‘ಡೀ’ ದೇವಸ್ಥಾನದ ಕೆರೆಯನ್ನು ದಾಟಿತು. ಐತಾಳರ ಮನೆಯ ಕಿಟಕಿ ತೆರೆಯಿತು, ಎದುರು ಮನೆಯ ಬಾಗಿಲು ತೆರೆಯಿತು. ನಾನು ಶನಿವಾರ ಬಸ್ಸಿಳಿದ ಹುಡುಗನಂತೆ ನಿಂತುಬಿಟ್ಟೆ. ಒಳಗಿನಿಂದ ವನಮಾಲಾ ಅಮ್ಮ ಕೂಗಿದರು, “ಏ ಸುಂದರಿ, ಸುಮ್ನಾಗೆ! ಅಕ್ಕಿ ಯಾವಾಗ ತೊಳುದ್ ನಾನ್?” ಹಿರಿಯಣ್ಣ ಜಗಲಿಗೆ ಬಂದು, ಓಣಿಯ ಎಲ್ಲ ಕಿಟಕಿಗಳಿಗೂ ಕೇಳುವ ಹಾಗೆ, “ನಮ್ಗಲ್ಲ, ನಾಯಿಗೆ” ಎಂದರು.

ಮುಕ್ಕಾಲಿ ಮೂರು ಕಾಲಿನಲ್ಲಿ ಅಂಗಳ ಹಾರಿ ಬಂದಳು. ಮೈ ತುಂಬಿತ್ತು. ಸುಂದರಕ್ಕನ ಹೊಸ ಮಂಡಿಗಳನ್ನು, ಕೈಯನ್ನು, ಕೋಲನ್ನು ನೆಕ್ಕಿ, ಪಂಚಾಯತ್ ರಸ್ತೆಯ ಮೇಲೆ ಎರಡು ಒಣಮೀನು ತಿಂದಳು. ಸುಂದರಕ್ಕ ಅವಳ ಕಿವಿ ಸುತ್ತಿದಳು. ಆಗ ಒಳಗೆ ಸೌಟಿನ ಸದ್ದಾಯಿತು. ಠಣ್ ಠಣ್. ಮುಕ್ಕಾಲಿಯ ಕಿವಿ ನೆಟ್ಟಗಾಯಿತು. ಅವಳು ಗೇಟಿನ ಸಂದಿಯಲ್ಲಿ ನುಸುಳಿ, ಬಟ್ಟಲಿದ್ದ ಮೂಲೆಗೆ ಓಡಿದಳು.

ನಾವು ವಾಪಸು ಹೊರಟೆವು. ಸುಂದರಕ್ಕ ಹತ್ತು ಹೆಜ್ಜೆಗೊಮ್ಮೆ ಕೋಲೂರಿ ನಿಲ್ಲುವುದು, ಪೂರ್ತಿ ತಿರುಗಿ ಗೇಟಿನ ಕಡೆ ನೋಡುವುದು. ಮೂರು ಸಲ ನೋಡಿದಳು. ಗೇಟಿನಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ತಟ್ಟೆ ಕಲ್ಲಿಗೆ ತಾಗುವ ಸದ್ದು ಮಾತ್ರ ಬರುತ್ತಿತ್ತು.

“ಥೋ, ಒಂದ್ ಸಲವೂ ತಿರ್ಗಿ ಕಾಂತಿಲ್ಲೆ ಕಾಣಿ” ಎಂದಳು, ಖುಷಿಯಿಂದ. “ಥೇಟ್ ನನ್ನಂಗೇ.”